ದಿಂಬಂ ಏರಿನಲ್ಲಿ ಹೊತ್ತಿದ ದೀಪ

ಹಾಸನೂರಿನ ಬೇಸಾಯಗಾರರೊಬ್ಬರ ಪಿಕಪ್ ವಾಹನಕ್ಕೆ ಹತ್ತು ವರ್ಷ ಕಳೆದಿದೆ. ಎಲೆಕೋಸನ್ನು ಇಳಿಸಿ, ಸತ್ಯಮಂಗಲದಿಂದ ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ಅವರು ಮರಳುತ್ತಿದ್ದಾಗ, 27 ತಿರುವುಗಳ ದಿಂಬಂ ಘಾಟಿಯಲ್ಲಿ ಎಂಜಿನ್ ದೀಪ ಹೊತ್ತಿತು. ಎಂಜಿನ್ನಿನ ಕಸುವು ಉಡುಗಿತು. ಹುಲಿ ಸಂರಕ್ಷಿತಾರಣ್ಯದ ನಡುವಿನ ಹಾದಿಯದು. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಸಂಜೆಯ ಹೊತ್ತು ಬಂಡಿ ನಿಂತರೆ ಇಳಿದು ನೋಡುವುದಕ್ಕೂ ಧೈರ್ಯ ಸಾಲದು.

ಮರುದಿನ ವರ್ಕ್‌ಶಾಪಿನ ಸ್ಕ್ಯಾನರಿನಲ್ಲಿ ಪಿ 0087 ಎಂಬ ಸಂಕೇತ ಮೂಡಿತು. ಸೆನ್ಸರ್ ಬದಲಾಯಿಸಿ ಸಂಕೇತವನ್ನು ಅಳಿಸಿದರು. ಮೂರನೆಯ ಸಲ ಘಾಟಿ ಹತ್ತುವಾಗ ಅದೇ ದೀಪ ಮತ್ತೆ ಹೊತ್ತಿತು.

ಸಂಕೇತವೆಂಬುದು ಎಫ್‌ಐಆರ್ ಇದ್ದಂತೆ, ತೀರ್ಪಲ್ಲ. ಡೀಸೆಲ್ ರೈಲಿನಲ್ಲಿ ಬೇಕಾದಷ್ಟು ಒತ್ತಡವಿಲ್ಲ ಎಂದಷ್ಟೇ ಪಿ 0087 ಹೇಳುತ್ತದೆ. ಆ ದೂರನ್ನು ಕೊಟ್ಟ ಸಾಕ್ಷಿ ಸೆನ್ಸರ್. ಸಾಕ್ಷಿಯ ಮೇಲೆಯೇ ಸಂಶಯವಿದ್ದಾಗ ಬರುವ ಸಂಕೇತ ಬೇರೆ: ಪಿ 0193 ಎಂದರೆ ಸೆನ್ಸರಿನ ವಿದ್ಯುತ್ ಸಂಪರ್ಕದಲ್ಲಿ ವೋಲ್ಟೇಜು ಮಿತಿ ಮೀರಿದೆ ಎಂದರ್ಥ. ಆಗಲೂ ತಂತಿ, ಪ್ಲಗ್ಗುಗಳನ್ನು ನೋಡಿದ ಮೇಲಷ್ಟೇ ಸೆನ್ಸರಿಗೆ ಕೈಹಾಕಬೇಕು. ಇಲಿ ಕಡಿದ ತಂತಿಗೆ ಹೊಸ ಸೆನ್ಸರ್ ಮದ್ದಲ್ಲ.

ಸೆನ್ಸರನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ರಾತ್ರಿಯೆಲ್ಲ ನಿಂತ ಬಂಡಿಯ ಕೀಲಿಯನ್ನು ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಸ್ಕ್ಯಾನರಿನಲ್ಲಿ ರೈಲ್ ಒತ್ತಡವನ್ನು ನೋಡಬೇಕು. ಸೊನ್ನೆಯ ಹತ್ತಿರವಿದ್ದರೆ ಸಾಕ್ಷಿ ಅಷ್ಟರಮಟ್ಟಿಗೆ ನಂಬಿಕಸ್ಥ. ನೂರಾರು ಬಾರ್ ತೋರಿಸಿದರೆ ಸುಳ್ಳು ಹೇಳುತ್ತಿದೆ. ಬಳಿಕ ಹೇರು ಸಹಿತ ಏರು ಹತ್ತುತ್ತ, ಪಕ್ಕದಲ್ಲಿ ಕುಳಿತವರು ಬೇಕಾದ ಒತ್ತಡವನ್ನೂ ಸಿಕ್ಕಿದ ಒತ್ತಡವನ್ನೂ ಹೋಲಿಸಬೇಕು. ಅಂಗಳದಲ್ಲಿ ನಿಂತು ಓಡುವ ಎಂಜಿನ್ನಿಗೆ ಬೇಕಾಗುವ ಡೀಸೆಲ್ ಅತ್ಯಲ್ಪ. ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಬಂಡಿಯಲ್ಲಿ ಏರಿದಂತೆಲ್ಲ ಅಂತರ ಹಿಗ್ಗಿತು. ತಪ್ಪಿತಸ್ಥ ಕಟ್ಟಿಕೊಂಡಿದ್ದ ಡೀಸೆಲ್ ಫಿಲ್ಟರ್. ಅದು ಸರಿಯಿದ್ದಿದ್ದರೆ ಕೊಳವೆಯಲ್ಲಿ ಗಾಳಿ, ಇಂಜೆಕ್ಟರಿನ ಸೋರಿಕೆ, ಕೊನೆಗೆ ಪಂಪು, ಹೀಗೆ ಅಗ್ಗದ್ದರಿಂದ ದುಬಾರಿಯದರತ್ತ ತನಿಖೆ ಸಾಗಬೇಕಿತ್ತು. ಎಂಜಿನ್ ಓಡುವಾಗ ಮಾತ್ರ ಆ ಕೊಳವೆಗಳನ್ನು ಸಡಿಲಿಸಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕೀತು.

ಸಂಕೇತವನ್ನು ಅವಸರದಿಂದ ಅಳಿಸಿದ್ದು ಇನ್ನೊಂದು ತಪ್ಪು. ದೋಷ ಕಂಡ ಗಳಿಗೆಯ ವೇಗ, ಎಂಜಿನ್ ಸುತ್ತು, ಭಾರ ಮುಂತಾದ ದಾಖಲೆಯೂ ಅದರೊಂದಿಗೆ ಅಳಿಯುತ್ತದೆ. ಇದು ಸಾಕ್ಷ್ಯನಾಶವಲ್ಲದೆ ಮತ್ತೇನು? ಮೊದಲು ಬರೆದಿಟ್ಟುಕೊಳ್ಳಬೇಕು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು.

ಬಾಡಿಗೆಗೆ ಓಡುವ ಬಂಡಿಯ ಮಾಲೀಕ ಗ್ರಾಹಕನಲ್ಲವೆಂಬ ಮಾತು ಬೆಟ್ಟದಲ್ಲಿ ಆಗಾಗ ಕೇಳಿಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಷ್ಟೇ ಬಳಸುವವನನ್ನು ಹೊರಗಿಟ್ಟಿಲ್ಲ. ದೂರಿಗೆ ಎರಡು ವರ್ಷದ ಅವಧಿಯಿದೆ. ಆದರೆ ಬಿಲ್ಲನ್ನೂ ಬಿಚ್ಚಿದ ಹಳೆಯ ಭಾಗವನ್ನೂ ಕೇಳಿ ಪಡೆದಿರಬೇಕು. ಹಾಸನೂರಿನ ಆ ಬೇಸಾಯಗಾರರ ಬಳಿ ಎರಡೂ ಇರಲಿಲ್ಲ.