ಮೆಷಿನ್ ಬಂತು, ಸಂಬಳ ಅಲ್ಲೇ ನಿಂತಿತು

ನೆಲ ಉಜ್ಜುವ ಸ್ಕ್ರಬ್ಬರ್ ಮೆಷಿನ್ ಓಡಿಸುವ ಹೆಂಗಸಿಗೆ ಇವತ್ತಿಗೂ ಕಸ ಗುಡಿಸುವವರ ದರದಲ್ಲೇ ಸಂಬಳ. ಅದೇ ಕಟ್ಟಡದಲ್ಲಿ ಜನರೇಟರ್ ನೋಡಿಕೊಳ್ಳುವ ಹುಡುಗನಿಗೆ ಆಪರೇಟರ್ ಸಂಬಳ. ಇದು ಅನ್ಯಾಯ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು. ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ನಮ್ಮ ಕಡೆಯ ಹೆಂಗಸರು ಈಗ ಬೆಳಗಿನ ಜಾವ ವ್ಯಾನ್ ಹತ್ತಿ ಕಾರ್ಖಾನೆ, ಆಸ್ಪತ್ರೆ, ವಿಮಾನ ನಿಲ್ದಾಣದ ಕಡೆ ಹೋಗುತ್ತಾರೆ. ನಾನು ಅಂಥದ್ದೇ ಒಂದು ದೊಡ್ಡ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್ ಒಂದರದ್ದೇ ವಿಸ್ತೀರ್ಣ ಎರಡೂವರೆ ಲಕ್ಷ ಚದರ ಮೀಟರ್‌ಗೂ ಹೆಚ್ಚು. ಇಂಥ ಕಡೆ ಬಕೆಟ್ಟು, ಮಾಪು ಹಿಡಿದು ಒರೆಸಿದರೆ ಮುಗಿಯುವ ಕೆಲಸವೇ ಅದು? ಮೆಷಿನ್ ಬೇಕೇ ಬೇಕು. ಅದು ಬಂದದ್ದರಿಂದ ನಮ್ಮವರ ಸೊಂಟ ಉಳಿದಿದೆ.

ಓಡಿಸುವುದೆಂದರೆ ತಳ್ಳಿಕೊಂಡು ಹೋಗುವುದು ಎಂದು ನೋಡುವವರಿಗೆ ಅನ್ನಿಸುತ್ತದೆ. ಮೆಷಿನ್ನಿನೊಳಗೆ ಎರಡು ಟ್ಯಾಂಕು: ಒಂದರಲ್ಲಿ ಒಳ್ಳೆಯ ನೀರು ಮತ್ತು ಕೆಮಿಕಲ್, ಇನ್ನೊಂದು ನೆಲದ ಗಲೀಜು ನೀರಿಗೆ. ಬ್ರಷ್ ಉಜ್ಜಿದ ನೀರನ್ನು ಹಿಂದಿನ ರಬ್ಬರ್ ಪಟ್ಟಿ ಬಳಿದು ಒಟ್ಟು ಮಾಡುತ್ತದೆ, ವ್ಯಾಕ್ಯೂಮ್ ಹೀರಿಕೊಳ್ಳುತ್ತದೆ. ಆ ಪಟ್ಟಿಗೆ ಒಂದು ದಾರದ ಎಳೆ ಸಿಕ್ಕಿಕೊಂಡರೂ ಸಾಕು, ನೆಲದ ಮೇಲೆ ಉದ್ದಕ್ಕೆ ನೀರಿನ ಗೆರೆ ಉಳಿಯುತ್ತದೆ, ಯಾರೋ ಜಾರಿ ಬೀಳುತ್ತಾರೆ. ತಿಳಿದವಳು ಗೆರೆ ಕಂಡ ತಕ್ಷಣ ಮೆಷಿನ್ ನಿಲ್ಲಿಸಿ, ಬಗ್ಗಿ, ಪಟ್ಟಿಯ ಅಂಚಿನುದ್ದಕ್ಕೂ ಬೆರಳಾಡಿಸಿ ಎಳೆ ತೆಗೆಯುತ್ತಾಳೆ. ಅಂಚು ಸವೆದಿದ್ದರೆ ಪಟ್ಟಿ ಬಿಚ್ಚಿ ತಿರುಗಿಸಿ ಹಾಕುತ್ತಾಳೆ.

ಒಂದೊಂದು ನೆಲದ್ದು ಒಂದೊಂದು ಗುಣ. ಪಾಲಿಶ್ ಮಾಡಿದ ಗ್ರಾನೈಟ್‌ಗೆ ದಿನನಿತ್ಯ ಬ್ರಷ್ಷಿನ ಜಾಗದಲ್ಲಿ ಹಾಕುವ ಕೆಂಪು ಪ್ಯಾಡ್ ಸಾಕು, ಮರೆತು ಕರಿ ಪ್ಯಾಡ್ ಹಾಕಿದರೆ ಹೊಳಪು ಹೋದಂತೆ. ಪಾರ್ಕಿಂಗ್‌ನ ಒರಟು ಕಾಂಕ್ರೀಟು, ಗೆರೆಗೆರೆಯ ಟೈಲ್ಸಿನ ಸಂದು ಇಂಥ ಕಡೆ ಪ್ಯಾಡ್ ಇಳಿಯುವುದಿಲ್ಲ, ಬ್ರಷ್ಷೇ ಬೇಕು. ಮಾರ್ಬಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಅಂಶದವು. ಆಸಿಡ್ ಬಿದ್ದರೆ ಕಲ್ಲನ್ನೇ ತಿನ್ನುತ್ತದೆ. ಮೆಷಿನ್ನಿನ ಬ್ಯಾಟರಿಗೆ ಬೋರ್‌ವೆಲ್ ನೀರು ಹಾಕುವ ಹಾಗಿಲ್ಲ, ಡಿಸ್ಟಿಲ್ಡ್ ವಾಟರ್, ಅದೂ ಚಾರ್ಜ್ ಮುಗಿದ ಮೇಲೆ. ಇಷ್ಟೆಲ್ಲ ತಿಳಿದಿರಬೇಕಾದ ಕೆಲಸಕ್ಕೆ ಕುಶಲತೆ ಬೇಡ ಎನ್ನುವುದು ಯಾವ ಲೆಕ್ಕ?

ಹಿಂದೆ ನಾನಿದ್ದ ಒಂದು ಕಡೆ ಮೆಷಿನ್ ಬಂದಾಗ ಕಂಟ್ರಾಕ್ಟರ್ ಹಳೆಯ ಹೆಂಗಸರಲ್ಲಿ ಕೆಲವರನ್ನು ಬಿಡಿಸಿ ಇಬ್ಬರು ಹುಡುಗರನ್ನು ತಂದ. ಅವರಿಗೂ ಸರಿಯಾಗಿ ಯಾರೂ ಹೇಳಿಕೊಡಲಿಲ್ಲ. ರಾತ್ರಿ ಗಲೀಜು ಟ್ಯಾಂಕ್ ಖಾಲಿ ಮಾಡದೆ ಬಿಟ್ಟರು. ಪೈಪು ಕಟ್ಟಿತು, ನಾತ ಹಿಡಿಯಿತು, ಕೊನೆಗೆ ಮೆಷಿನ್ ಮೆಟ್ಟಿಲ ಕೆಳಗೆ ಮೂಲೆ ಸೇರಿತು. ಉಳಿದ ಹೆಂಗಸರ ಕೈಗೆ ಮತ್ತೆ ಮಾಪು. ಹೆಂಗಸರಿಗೆ ಮೆಷಿನ್ ಭಾರ ಅಂತಾರೆ. ಮೆಷಿನ್ನಿನ ಭಾರ ಹೊರುವುದು ಅದರ ಚಕ್ರ. ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಮಹಡಿ ಹತ್ತುವಾಗ ಭಾರದ ಮಾತು ಯಾರೂ ಎತ್ತಿರಲಿಲ್ಲ.

ನೀರಿನ ವಿಷಯವೂ ಇದೆ. ನಮ್ಮ ತಾಲ್ಲೂಕಿನಲ್ಲಿ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲ. ಪೈಪ್ ಬಿಟ್ಟು ನೆಲ ತೊಳೆಯುವುದಕ್ಕೆ ಹೋಲಿಸಿದರೆ ಮೆಷಿನ್ನಿಗೆ ಬೇಕಾದ ನೀರು ತೀರಾ ಕಡಿಮೆ. ಆದರೆ ಟ್ಯಾಂಕಿನ ಕೆಮಿಕಲ್ ನೀರನ್ನು ಒಳಚರಂಡಿಗೇ ಸುರಿಯಬೇಕು, ಕೆರೆಗೆ ಹೋಗುವ ಮಳೆನೀರಿನ ಚರಂಡಿಗಲ್ಲ. ಕೊಳಚೆ ಸೇರಿದ ಕೆರೆಯ ಪಾಡು ಏನಾಗುತ್ತದೆ ಎಂಬುದಕ್ಕೆ ದೊಡ್ಡತುಮಕೂರು ಕೆರೆ ನಮ್ಮ ಕಣ್ಣೆದುರೇ ಇದೆ.

ಕರ್ನಾಟಕದ ಕನಿಷ್ಠ ವೇತನದಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ದರ್ಜೆಗಳಿವೆ. ಸ್ಕ್ರಬ್ಬರ್ ಓಡಿಸುವವರನ್ನು ಕುಶಲ ದರ್ಜೆಗೆ ಸೇರಿಸಬೇಕು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟ ರಾಜ್ಯವಿದು, ಇಷ್ಟು ಮಾಡಲಾಗದ್ದೇನಲ್ಲ. ಸರ್ಕಾರಿ ಆಸ್ಪತ್ರೆಗಳ ಟೆಂಡರಿನಿಂದಲೇ ಶುರುವಾಗಲಿ: ಮೆಷಿನ್ ತರುವ ಕಂಟ್ರಾಕ್ಟರ್ ಅಲ್ಲಿ ಈಗಾಗಲೇ ದುಡಿಯುತ್ತಿರುವ ಹೆಂಗಸರಿಗೇ ಮೊದಲು ತರಬೇತಿ ಕೊಡಬೇಕು, ತರಬೇತಿಯ ದಿನಗಳ ಕೂಲಿ ಹಿಡಿಯಬಾರದು, ಮೆಷಿನ್ ಕೈಗೆ ಕೊಟ್ಟ ತಿಂಗಳಿಂದಲೇ ಹೊಸ ದರದ ಸಂಬಳ ಅವರ ಖಾತೆಗೆ ಬೀಳಬೇಕು.