ಸೌಟಿನಲ್ಲಿ ಎದ್ದ ಅಲೆ



‘ಚಹಾ ಕಪ್ಪಿನಲ್ಲಿ ಬಿರುಗಾಳಿ’ ಎಂಬ ಇಂಗ್ಲಿಷ್ ನುಡಿಗಟ್ಟು ಈಗ ನಮ್ಮ ಮಾತಿನಲ್ಲೂ ಬೆರೆತುಹೋಗಿದೆ. ‘ಕಡ್ಡಿಯನ್ನು ಗುಡ್ಡ ಮಾಡಬೇಡಿ’ ಎಂದು ನಾವು ಹೇಳುವುದೂ ಅದನ್ನೇ. ಸಣ್ಣದಕ್ಕೆ ರಂಪ ಮಾಡುವವರಿಗೆ ಇದು ಒಳ್ಳೆಯ ಬುದ್ಧಿಮಾತು. ಆದರೆ ನ್ಯಾಯವಾದ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲೂ ಇದೇ ಮಾತು ಬಳಕೆಯಾಗುತ್ತಿದೆ. ನನ್ನ ಆಕ್ಷೇಪ ಇರುವುದು ಅದಕ್ಕೆ.

ಈ ನುಡಿಯ ಹಳೆಯ ರೂಪ ರೋಮನ್ನರಲ್ಲಿತ್ತು. ಕ್ರಿ.ಪೂ. ಮೊದಲ ಶತಮಾನದ ಸಿಸೆರೊ ಅದನ್ನು ಬಳಸಿದ್ದಾನೆ. ಅರ್ಪೀನಮ್ ಎಂಬ ಅವನ ಹುಟ್ಟೂರಿನಲ್ಲಿ ಗ್ರಾಟಿಡಿಯಸ್ ಎಂಬವನು ಮತವನ್ನು ಗುಟ್ಟಾಗಿ ಹಾಕುವ ಕಾನೂನು ಬೇಕೆಂದ. ಸಿಸೆರೊನ ಅಜ್ಜ ಅದನ್ನು ವಿರೋಧಿಸಿದ. ಅಜ್ಜನನ್ನು ಮೆಚ್ಚಿ ಬರೆದ ಮೊಮ್ಮಗ, ಗ್ರಾಟಿಡಿಯಸ್ ಸೌಟಿನಲ್ಲಿ ಅಲೆ ಎಬ್ಬಿಸಿದನೆಂದು ಹಗುರವಾಗಿ ಹೇಳಿದ. ಅಂದು ಸೌಟಿನ ಅಲೆ ಎನಿಸಿದ ಗುಪ್ತ ಮತದಾನವೇ ಇಂದು ನಮ್ಮ ಚುನಾವಣೆಯ ಬುನಾದಿ. ಜಮೀನ್ದಾರನ ಹೊಲದಲ್ಲಿ ದುಡಿಯುವ ಆಳು ಅಂಜದೆ ಮತ ಹಾಕುವುದು ಅದರ ಬಲದಿಂದ.

ಚಹಾದ ಕಥೆಯೂ ಹೀಗೆಯೇ. ಅಮೆರಿಕದ ವಸಾಹತುಗಳಲ್ಲಿ ಒಂದು ಪೌಂಡು ಚಹಾಕ್ಕೆ ಬ್ರಿಟಿಷರು ಹಾಕಿದ್ದ ತೆರಿಗೆ ಕೇವಲ 3 ಪೆನ್ಸ್. ಅಷ್ಟಕ್ಕೆ 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಜಗಳ ಇದ್ದದ್ದು 3 ಪೆನ್ಸಿಗಲ್ಲ. ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ತಮ್ಮ ಮೇಲೆ ತೆರಿಗೆ ಹಾಕಬಹುದೇ ಎಂಬುದಕ್ಕೆ. 1930ರಲ್ಲಿ ನಮ್ಮ ಅಂಕೋಲೆಯ ಜನ ಉಪ್ಪಿಗಾಗಿ ಕಾನೂನು ಮುರಿದದ್ದೂ ಒಂದು ಹಿಡಿ ಉಪ್ಪಿನ ಆಸೆಗಲ್ಲ.

ಹಾಗಾದರೆ ಎಲ್ಲ ತಕರಾರೂ ದೊಡ್ಡದೇ? ಅಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಕೆಳಗೆ ಬಂತು, ಮುಂದಿನ ಸಾಲಿನ ಕುರ್ಚಿ ಸಿಗಲಿಲ್ಲ, ಹಾರ ಮೊದಲು ಅವರಿಗೆ ಹಾಕಿದರು ಎಂದು ವರ್ಷಗಟ್ಟಲೆ ಮಾತು ಬಿಡುವವರು ನಮ್ಮಲ್ಲಿದ್ದಾರೆ. ಅದು ನಿಜವಾಗಿಯೂ ಕಪ್ಪಿನ ಬಿರುಗಾಳಿ. ಆದರೆ ದಾಸೋಹದ ಲೆಕ್ಕ ಕೇಳಿದವರಿಗೆ, ಸಮಿತಿಯಲ್ಲಿ ಹೆಣ್ಣುಮಕ್ಕಳು ಏಕಿಲ್ಲ ಎಂದವರಿಗೆ, ಒಬ್ಬರಿಗೆ ಬೇರೆ ಪಂಕ್ತಿ ಏಕೆ ಎಂದವರಿಗೆ ಅದೇ ಉತ್ತರ ಕೊಟ್ಟರೆ ಅನ್ಯಾಯ.

ನನ್ನ ಅಳತೆಗೋಲು ಸರಳ. ನೋವು ನನ್ನ ಹಮ್ಮಿಗೆ ಮಾತ್ರ ಆಗಿದ್ದರೆ ನುಂಗಿಕೊಳ್ಳಬೇಕು. ಅದೇ ನಡೆ ನಾಳೆ ಮತ್ತೊಬ್ಬರಿಗೂ ನಿಯಮವಾಗುವುದಾದರೆ ಎದ್ದು ಕೇಳಬೇಕು. ಕೇಳಿಸಿಕೊಳ್ಳುವವರೂ ಕಡ್ಡಿಯೋ ಗುಡ್ಡವೋ ಎಂದು ತೀರ್ಪು ಕೊಡುವ ಮುನ್ನ ಪೂರ್ತಿ ಕೇಳಬೇಕು. ಹೊರೆ ಹೊತ್ತವರಿಗೆ ತಾನೇ ಅದರ ಭಾರ ಗೊತ್ತು?