ಕೋತಿಯ ಜ್ವರಕ್ಕೆ ಲೆಕ್ಕವುಂಟು, ಮಾಣಿಯ ಜ್ವರಕ್ಕಿಲ್ಲ

1947ರಲ್ಲಿ ಆಫ್ರಿಕದ ಯುಗಾಂಡಾ ದೇಶದ ಝೀಕಾ ಕಾಡಿನಲ್ಲಿ ಸಂಶೋಧಕರು ಕೋತಿಗಳನ್ನು ಪಂಜರದಲ್ಲಿಟ್ಟು ಮರದ ಅಟ್ಟದ ಮೇಲೆ ಕೂರಿಸಿದ್ದರು. ಸೊಳ್ಳೆ ಕಚ್ಚಲಿ ಎಂದೇ! ಒಂದು ಕೋತಿಗೆ ಮೈ ಬಿಸಿಯಾದೊಡನೆ ರಕ್ತ ತೆಗೆದು ನೋಡಿದರು. ಝೀಕಾ ವಿಷಾಣು ಗೊತ್ತಾದದ್ದು ಹಾಗೆ. ಅಂಥ ಕಾವಲು ಈಗಲೂ ನಡೆದಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಯಲ್ಲಿ ಅದೇ ವಿಷಾಣು ಸಿಕ್ಕಿತು. ಸುತ್ತಲಿನ ಹಳ್ಳಿಗಳ ಜ್ವರದವರ, ಗರ್ಭಿಣಿಯರ ರಕ್ತ ಪರೀಕ್ಷೆಗೆ ಹೋಯಿತು. ಗದ್ದೆ ಸೀಮೆಯ ಮೆದುಳು ಜ್ವರಕ್ಕಾಗಿ ಹಂದಿಯ ರಕ್ತ ನೋಡುತ್ತಾರೆ. ವಿಷಾಣು ಬೆಳೆಯುವುದು ಹಂದಿಯಲ್ಲಿ, ಪ್ರಾಣ ಹೋಗುವುದು ಮಕ್ಕಳದ್ದು.

ಒಳ್ಳೆಯ ಕೆಲಸ. ಪುಣೆಯಲ್ಲಿ 1952ರಿಂದ ವಿಷಾಣುಗಳ ಶೋಧ ಮಾಡುತ್ತ ಬಂದವರಿಗೆ ನಮಸ್ಕಾರ.

ಆದರೆ ಬಂಧುಗಳೇ, ಮುಂಬಯಿಯ ಡೆಂಗಿಗೆ ಹಂದಿಯೂ ಬೇಡ, ಕೋತಿಯೂ ಬೇಡ. ಮನುಷ್ಯನಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ. ಇಲ್ಲಿ ಕಾವಲಿಗೆ ಕೂತ ಕೋತಿ ಎಂದರೆ ನಾವೇ. ನಮ್ಮ ರಕ್ತ ನೋಡುವವರು ಯಾರು?

ನಾನು ಸಪ್ಲೈಯರ್ ಆಗಿದ್ದಾಗ ಕಪ್ಪು-ಬಸಿ ತೊಳೆಯುವ ಹುಡುಗನೊಬ್ಬನಿಗೆ ಜ್ವರ ಬಂತು. ಧಣಿ ಗಲ್ಲೆಯಿಂದ ಎರಡು ಗುಳಿಗೆ ಕೊಟ್ಟರು. ಮೂರನೆಯ ದಿನ ಏಳಲಾಗಲಿಲ್ಲ. ಊರ ಬಸ್ಸು ಹತ್ತಿಸಿದೆವು. ಹತ್ತಿಸಿದವನು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಡೆಂಗಿಯಾದರೆ ಮೊದಲ ನಾಲ್ಕೈದು ದಿನ ವಿಷಾಣು ರಕ್ತದಲ್ಲೇ ಇರುತ್ತದೆ. ಊರಿನ ಸೊಳ್ಳೆಗೂ ನಾವೇ ಕಳುಹಿಸಿಕೊಟ್ಟ ಹಾಗೆ. ಆ ಹುಡುಗ ಬದುಕಿದ. ಅವನ ಜ್ವರ ಮಾತ್ರ ಮುಂಬಯಿಯ ಲೆಕ್ಕಕ್ಕೂ ಬರಲಿಲ್ಲ, ಊರಿನ ಲೆಕ್ಕಕ್ಕೂ ಬರಲಿಲ್ಲ.

ದವಾಖಾನೆಗೆ ಯಾಕೆ ಹೋಗುವುದಿಲ್ಲ? ಅಸಡ್ಡೆ ಎನ್ನುತ್ತಾರೆ ಓದಿದವರು. ಒಂದು ದಿನ ಸಾಲಿನಲ್ಲಿ ನಿಂತರೆ ಒಂದು ದಿನದ ಪಗಾರ ಹೋಯಿತು. ನಾಳೆ ಆ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಾನೆ. ಇ.ಎಸ್.ಐ. ಇರುವ ಗಿರಣಿಯವರಿಗೆ, ವಂತಿಗೆಯ ದಿನಗಳು ತುಂಬಿದ್ದರೆ, ಕಾಯಿಲೆ ಬಿದ್ದಾಗ ಪಗಾರದ ನೂರಕ್ಕೆ 70 ಪಾಲು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಹೋಟೆಲಿನಲ್ಲಿ ಎಷ್ಟು ಮಂದಿಯ ಹೆಸರು ಪುಸ್ತಕದಲ್ಲಿದೆ?

ಜ್ವರದ ಮೊದಲ ಐದು ದಿನದೊಳಗೆ ಎನ್.ಎಸ್.1 ಪರೀಕ್ಷೆ, ಆಮೇಲೆ ಬೇರೆ ಪರೀಕ್ಷೆ. ಸಿಕ್ಕಿದ ನೋವಿನ ಗುಳಿಗೆ ನುಂಗಬೇಡಿ, ಡೆಂಗಿಯಲ್ಲಿ ಆಸ್ಪಿರಿನ್ ರಕ್ತಸ್ರಾವ ತರಬಲ್ಲುದು.

ಮಾಲಿಕರ ಮುಂದೆ ಇಡುವ ಬೇಡಿಕೆಗಳಲ್ಲಿ ಇವೆರಡು ಸೇರಲಿ: ಜ್ವರ ಪರೀಕ್ಷೆಗೆ ಹೋದ ದಿನದ ಪೂರ್ತಿ ಪಗಾರ, ಮತ್ತು ನಾವು ಮಲಗುವ ಮಾಳಿಗೆಗೆ ಸೊಳ್ಳೆಪರದೆ. ರಾತ್ರಿಗೆ ಮಾತ್ರವಲ್ಲ, ಮಧ್ಯಾಹ್ನ ಊಟದ ಗಿರಾಕಿ ಮುಗಿದು ಒರಗುವ ಆ ಎರಡು ಗಂಟೆಗೂ. ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಿನಲ್ಲಿ.